ಒಂಬತ್ತು ಸಾವಿರ ಆರ್‌ಪಿಎಂ ಇಂಜಿನ್: ಎಸ್2000 ತಗೊಳ್ಳೋಕೆ ಮುಂಚೆ ಏನು ನೋಡ್ಬೇಕು, ಆಮೇಲೆ ಏನು ಮಾಡ್ಬೇಕು?

ಹಾಸನ್_ವಿಟೆಕ್
ಎಲ್ರಿಗೂ ನಮಸ್ಕಾರ. ಚಿಕ್ಕಪ್ಪನ ಮಗ ಬ್ರಿಟನ್‌ನಲ್ಲಿ 2002ರ ಹೋಂಡಾ ಎಸ್2000 ಸ್ಪೋರ್ಟ್ಸ್ ಕಾರೊಂದನ್ನ ನೋಡಿಟ್ಟಿದ್ದಾನೆ. ತೊಂಬತ್ತು ಸಾವಿರ ಮೈಲಿ ಚಿಲ್ಲರೆ ಓಡಿದೆ. ಮಾರೋನು "ಹೋಂಡಾ ಇಂಜಿನ್, ಏನೂ ಆಗಲ್ಲ" ಅಂತಾನಂತೆ. ಇಲ್ಲಿ ಹಾಸನದ ಮನೇಲಿರೋದು ಹಳೇ ಹೋಂಡಾ ಸಿಟಿ 1.5 ವಿಟೆಕ್. ಅದನ್ನ ನೋಡ್ಕೊಳ್ಳೋ ಹಾಗೇ ಇದನ್ನೂ ನೋಡ್ಕೊಂಡ್ರೆ ಸಾಕಾ? ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತಿನ (ಆರ್‌ಪಿಎಂ) ಹತ್ರ ತಿರುಗೋ ಇಂಜಿನ್ ಬೇಗ ಸವೆಯಲ್ವಾ? ತಗೊಳ್ಳೋಕೆ ಮುಂಚೆ ಅವನು ಏನೇನು ಚೆಕ್ ಮಾಡಿಸ್ಬೇಕು?

ಮೂಡಿಗೆರೆ_ಮೋಟಾರ್
ಮೊದಲು ಲೆಕ್ಕ ನೋಡಿ ಮಾರಾಯ್ರೆ, ಆಮೇಲೆ ಭಯ ಬೀಳುವ.

ಆ ಕಾರಲ್ಲಿರೋದು ಎಫ್20ಸಿ ಅನ್ನೋ ಇಂಜಿನ್. 1997 ಸಿಸಿ, ಬೋರ್ (ಸಿಲಿಂಡರ್ ಅಗಲ) 87 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 84 ಮಿ.ಮೀ. ವಾಲ್ವ್ ತೆರೆಯೋ ಕ್ಯಾಮ್ ಎರಡು, ಟೈಮಿಂಗ್ ಚೈನ್, ಟರ್ಬೊ ಇಲ್ಲ. ಜಪಾನಿನ ಮಾಡೆಲ್‌ಗೆ ಕಂಪ್ರೆಶನ್ 11.7, ಪವರ್ 250 ಪಿಎಸ್. ಹೊರದೇಶದ್ದಕ್ಕೆ 11.0, ಪವರ್ 240 ಪಿಎಸ್. ಎರಡೂ ಆ ಪವರ್ ಕೊಡೋದು 8300 ಆರ್‌ಪಿಎಂನಲ್ಲಿ. ಹೊರದೇಶದ್ದರ ಟಾರ್ಕ್ 208 ನ್ಯೂಟನ್ ಮೀಟರ್, ಅದೂ 7500ಕ್ಕೆ ಹೋದ್ಮೇಲೆ. ಕೆಂಪು ಗೆರೆ (ಮೀರಬಾರದ ಮಿತಿ) 8900ರ ಹತ್ರ. 2000ದಿಂದ 2004ರವರೆಗೆ ಐದು ವರ್ಷ ಬಿಡದೆ ಅಂತರರಾಷ್ಟ್ರೀಯ 'ವರ್ಷದ ಇಂಜಿನ್' ಪ್ರಶಸ್ತಿಯ 1.8ರಿಂದ 2 ಲೀಟರ್ ವಿಭಾಗ ಇದರದ್ದೇ.

ನಿಮ್ಮ ಸಿಟಿದು ಬೋರ್ 75, ಸ್ಟ್ರೋಕ್ 84.5, ಒಂದೇ ಕ್ಯಾಮ್, ಬೆಲ್ಟ್. ಸ್ಟ್ರೋಕ್ ಹೆಚ್ಚುಕಮ್ಮಿ ಒಂದೇ ಅನ್ನೋದನ್ನ ಗಮನಿಸಿ. 6800ರಲ್ಲಿ ಸಿಟಿಯ ಪಿಸ್ಟನ್ ಸರಾಸರಿ ವೇಗ ಸೆಕೆಂಡಿಗೆ 19 ಮೀಟರ್ ಚಿಲ್ಲರೆ. ಎಫ್20ಸಿ 8900ರಲ್ಲಿ ಸುಮಾರು 25 ಮೀಟರ್. ಕನೆಕ್ಟಿಂಗ್ ರಾಡ್ ಮೇಲೆ ಬೀಳೋ ಎಳೆತ ಆರ್‌ಪಿಎಂ ವರ್ಗದ ಲೆಕ್ಕದಲ್ಲಿ ಏರುತ್ತೆ. ಹಾಗಾಗಿ ಅದೇ ಸ್ಟ್ರೋಕ್‌ನ ಇಂಜಿನ್ನನ್ನ 6800ರಿಂದ 8900ಕ್ಕೆ ತಗೊಂಡು ಹೋದ್ರೆ ಹೊರೆ 1.7 ಪಟ್ಟು. ಹೋಂಡಾದವರು ಇದಕ್ಕೆ ತಕ್ಕ ಹಾಗೇ ಫೋರ್ಜ್ಡ್ ಪಿಸ್ಟನ್, ರೋಲರ್ ರಾಕರ್ ಎಲ್ಲ ಹಾಕಿ ಕಟ್ಟಿದಾರೆ. ಸರಿಯಾಗಿ ಬಿಸಿಯಾಗಿ, ಆಯಿಲ್ ತುಂಬಿದ್ರೆ 8900 ಅದಕ್ಕೆ ದಿನದ ಕೆಲಸ.

ಇದನ್ನ ಕೊಲ್ಲೋದು ಮೂರೇ: ಕಡಿಮೆ ಆಯಿಲ್, ತಣ್ಣಗಿರುವಾಗ ರೇಸ್ ಮಾಡೋದು, ತಪ್ಪು ಗೇರಿಗೆ ಇಳಿಸೋದು. ಮೂರರಲ್ಲಿ ಕಡೇದು ಕೆಟ್ಟದ್ದು.

ಘಾಟಿ_ಗೇರ್
ಆ ಕಡೇದರ ಬಗ್ಗೆ ಹೇಳ್ತೀನಿ, ಸೆಕೆಂಡ್ ಹ್ಯಾಂಡ್ ಎಸ್2000 ನೋಡೋರು ಕೇಳದೇ ಇರೋದು ಇದನ್ನೇ.

ಮೊದಲ ಮಾಡೆಲ್ ಗೇರ್ ರೇಶಿಯೋ: ಸೆಕೆಂಡ್ 2.045, ಥರ್ಡ್ 1.481, ಫೋರ್ತ್ 1.161. ಥರ್ಡಲ್ಲಿ 8500ರಲ್ಲಿದ್ದಾಗ ಫೋರ್ತ್‌ಗೆ ಹಾಕೋಕೆ ಹೋಗಿ ಕೈತಪ್ಪಿ ಸೆಕೆಂಡ್‌ಗೆ ಬಿತ್ತು ಅಂತಿಟ್ಕೊಳಿ. 8500 × 2.045 ÷ 1.481 = 11,737. ಕ್ಲಚ್ ಬಿಟ್ಟ ತಕ್ಷಣ ಚಕ್ರವೇ ಇಂಜಿನ್ನನ್ನ ಅಲ್ಲಿಗೆ ತಿರುಗಿಸುತ್ತೆ. ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಚಕ್ರ ತಿರುಗಿಸೋದನ್ನ ನಿಲ್ಲಿಸೋಕೆ ಅದರಿಂದ ಆಗಲ್ಲ. ಗೇರ್ ಲಿವರ್ ಚಿಕ್ಕದು, ಗೇಟು ಹತ್ರ ಹತ್ರ. ಅವಸರದಲ್ಲಿ ಲಿವರನ್ನ ಎಡಕ್ಕೆ ಒತ್ತಿ ಎಳೆಯೋರಿಗೆ ಇದು ಸಲೀಸಾಗಿ ಆಗುತ್ತೆ. ಥರ್ಡಿಂದ ಫೋರ್ತ್‌ಗೆ ನೇರ ಹಿಂದಕ್ಕೆ, ಅಂಗೈ ಸಡಿಲ ಬಿಟ್ಟು ಎಳೀಬೇಕು. ಸ್ಪ್ರಿಂಗೇ ಲಿವರನ್ನ ನಡುವಿಗೆ ತಂದುಕೊಡುತ್ತೆ.

ಟ್ಯಾಪೆಟ್_ತಿಮ್ಮ
ಹಂಗೆ ಓವರ್ ರೆವ್ ಆದ್ರೆ ಮೊದಲು ಸೋಲೋದು ವಾಲ್ವ್ ರಿಟೇನರ್ (ಸ್ಪ್ರಿಂಗನ್ನ ವಾಲ್ವಿಗೆ ಹಿಡಿದಿಡೋ ಬಿಲ್ಲೆ), ಅದೂ ಇನ್‌ಟೇಕ್ ಕಡೇದು. ವಾಲ್ವ್ ಸ್ಪ್ರಿಂಗಿಗೆ ಕ್ಯಾಮ್ ಹಿಂದೆ ಓಡೋಕೆ ಆಗಲ್ಲ, ವಾಲ್ವ್ ತೇಲುತ್ತೆ, ವಾಪಸ್ ಬಂದು ಸೀಟಿಗೆ ಬಡಿಯುತ್ತೆ. ಆ ಏಟಿಗೆ ರಿಟೇನರನ್ನ ವಾಲ್ವ್ ಕಡ್ಡಿಗೆ ಕಚ್ಚಿಸೋ ಕಾಟರ್ ಚೂರು ಎರಡೂ ರಿಟೇನರ್ ಒಳಗೆ ಕುಸೀತವೆ, ಇಲ್ಲ ರಿಟೇನರ್ರೇ ಬಿರುಕು ಬಿಡುತ್ತೆ. ಅವತ್ತೇ ಇಂಜಿನ್ ಕೈ ಕೊಡಬೇಕು ಅಂತೇನಿಲ್ಲ ಕಣಣ್ಣ, ಇದೇ ಇದರ ಕೆಟ್ಟ ಗುಣ. ಬಿರುಕು ಬಿಟ್ಟ ರಿಟೇನರ್ ಸಾವಿರಾರು ಕಿಲೋಮೀಟರ್ ಸುಮ್ನಿದ್ದು, ಆಮೇಲೊಂದು ದಿನ ವಾಲ್ವ್ ಉದುರಿ ಪಿಸ್ಟನ್ ಮೇಲೆ ಬೀಳುತ್ತೆ. ಅಷ್ಟೊತ್ತಿಗೆ ಕಾರು ಮೂರನೇ ಕೈಗೆ ಹೋಗಿರುತ್ತೆ.

ಅದಕ್ಕೇ ತಗೊಳ್ಳೋಕೆ ಮುಂಚೆ ವಾಲ್ವ್ ಕವರ್ ಬಿಚ್ಚಿಸಲೇಬೇಕು. ಟಾರ್ಚ್ ಹಾಕಿ ಹದಿನಾರು ರಿಟೇನರನ್ನೂ ಮೇಲಿಂದ ನೋಡ್ಬೇಕು. ಕಾಟರ್ ಜೋಡಿಯ ತುದಿ ರಿಟೇನರ್ ಮಟ್ಟಕ್ಕೆ ಎಲ್ಲಾ ವಾಲ್ವಲ್ಲೂ ಒಂದೇ ತರ ಕೂತಿರಬೇಕು. ಒಂದು ಅರ್ಧ ಮಿಲಿಮೀಟರ್ ಕೆಳಗಿಳಿದ ಹಾಗೆ ಕಂಡ್ರೂ ಆ ಕಾರು ಬೇಡ, ಇಲ್ಲ ಹೆಡ್ ಕೆಲಸದ ದುಡ್ಡು ಕಳೆದು ರೇಟ್ ಮಾತಾಡಿ. ಜೊತೆಗೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಗೂ ಅದನ್ನ ಒತ್ತೋ ರಾಕರಿಗೂ ನಡುವಿನ ಸಂದು) ಅಳೀಬೇಕು. ಒಂದೇ ವಾಲ್ವ್‌ದು ಮಾತ್ರ ಬೇರೆಯವಕ್ಕಿಂತ ತುಂಬ ಬಿಗಿ ಅಥವಾ ಸಡಿಲ ಬಂದ್ರೆ ಅಲ್ಲೇನೋ ಆಗಿದೆ ಅಂತಲೇ ಅರ್ಥ.

2004ರ ನಂತರದ ಮಾಡೆಲಿನ ರಿಟೇನರ್, ಕಾಟರ್ ಇನ್ನೂ ಗಟ್ಟಿ. ಹಳೇದಕ್ಕೆ ಅದನ್ನೇ ಹಾಕಿಸೋದು ರೂಢಿ. ಹೆಡ್ ಇಳಿಸದೆ, ಪ್ಲಗ್ ತೂತಿಂದ ಗಾಳಿ ತುಂಬಿ ವಾಲ್ವ್ ಹಿಡಿದು ನಿಲ್ಲಿಸಿ ಮಾಡಬಹುದು.

ಹೊಸಬ_ಕಡೂರು
ವಾಲ್ವ್ ಕವರ್ ಬಿಚ್ಚೋಕೆ ಮಾರೋನು ಒಪ್ಪಬೇಕಲ್ಲ ಸರ್?

ಟ್ಯಾಪೆಟ್_ತಿಮ್ಮ
ಒಪ್ಪದಿದ್ರೆ ಅದೂ ಒಂದು ಉತ್ತರ ತಾನೇ? ಗ್ಯಾಸ್ಕೆಟ್, ಪ್ಲಗ್ ಟ್ಯೂಬ್ ಸೀಲ್ ಹೊಸದು ನಾವೇ ತರ್ತೀವಿ ಅಂದ್ರೆ ಸಾಮಾನ್ಯವಾಗಿ ಒಪ್ತಾರೆ. ಅಷ್ಟು ವರ್ಷದ ಸೀಲ್ ಹೆಂಗಿದ್ರೂ ಬದಲಾಯಿಸೋದೇ, ಪ್ಲಗ್ ಗುಂಡಿಲಿ ಆಯಿಲ್ ನಿಂತಿರುತ್ತೆ.

ಮೂಡಿಗೆರೆ_ಮೋಟಾರ್
ಅದರ ಜೊತೆ ಕಂಪ್ರೆಶನ್, ಲೀಕ್‌ಡೌನ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡೋದು) ಎರಡೂ ಮಾಡಿಸಿ. ಕಂಪ್ರೆಶನ್‌ಗೆ ಇಂಜಿನ್ ಬಿಸಿ ಇರ್ಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಇಂಜೆಕ್ಟರ್, ಕಾಯಿಲ್ ಕನೆಕ್ಷನ್ ತೆಗೆದು ಆಕ್ಸಿಲರೇಟರ್ ಪೂರ್ತಿ ತುಳಿದು ಸ್ಟಾರ್ಟರ್ ತಿರುಗಿಸ್ಬೇಕು. ಬ್ಯಾಟರಿ ದಂಡ ಆಗಿದ್ರೆ ಸುಳ್ಳು ನಂಬರ್ ಬರುತ್ತೆ. ಸಿಲಿಂಡರ್ ಸಿಲಿಂಡರಿಗೂ ನಡುವಿನ ಅಂತರ ಎರಡು ಬಾರ್ ಮೀರಬಾರದು.

ಲೀಕ್‌ಡೌನ್‌ನಲ್ಲಿ ಶೇ. 5ರ ಒಳಗೆ ಇದ್ರೆ ಸಂತೋಷ. 10 ದಾಟಿದ್ರೆ ಎಲ್ಲಿ ಸೋರ್ತಿದೆ ಅಂತ ಕಿವಿ ಕೊಡಬೇಕು. ಥ್ರಾಟಲ್ ಬಾಡಿಲಿ ಸುಯ್ ಅಂದ್ರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಲ್ಲಿ ಅಂದ್ರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕೋ ಬಾಯಲ್ಲಿ ಅಂದ್ರೆ ರಿಂಗ್, ರೇಡಿಯೇಟರಲ್ಲಿ ಗುಳ್ಳೆ ಬಂದ್ರೆ ಹೆಡ್ ಗ್ಯಾಸ್ಕೆಟ್. ನಾಲ್ಕನೇ ಸಿಲಿಂಡರ್ ಮೇಲೆ ಕಣ್ಣು ಹೆಚ್ಚಿರಲಿ, ಯಾಕಂತ ಬೇಲೂರಿನವರು ಹೇಳ್ತಾರೆ.

ಬೇಲೂರು_ಲೇತ್
ಈ ಬ್ಲಾಕಿಗೆ ಬೀಡಿನ ಸ್ಲೀವ್ ಇಲ್ಲ. ಅಲ್ಯೂಮಿನಿಯಂ ಬ್ಲಾಕಲ್ಲೇ ಅಲ್ಯೂಮಿನಾ ಮತ್ತು ಕಾರ್ಬನ್ ನಾರು ಸೇರಿಸಿ ಎರಕ ಹೊಯ್ದ ಬೋರ್, ಹೋಂಡಾ ಅದನ್ನ ಎಫ್ಆರ್ಎಂ ಅಂತ ಕರೆಯುತ್ತೆ. ತೂಕ ಕಡಿಮೆ, ಶಾಖ ಬೇಗ ಬಿಡುತ್ತೆ, ಸವೆತ ತುಂಬಾ ಕಮ್ಮಿ. ಆದ್ರೆ ಗೀರು ಬಿದ್ರೆ ನಮ್ಮ ಕಡೆ ಲೇತಲ್ಲಿ ಮಾಡೋ ಹಾಗೆ ಬೋರ್ ಹೊಡೆದು, ಓವರ್‌ಸೈಜ್ ಪಿಸ್ಟನ್ ಹಾಕಿ, ಹೋನ್ ಮಾಡಿ ಕಳಿಸೋ ಆಟ ಇಲ್ಲ. ನಾರು ಮೈಮೇಲೆ ಎದ್ದಿರೋ ಬೋರಿಗೆ ಮಾಮೂಲಿ ಹೋನಿಂಗ್ ಕಲ್ಲು ಕೊಟ್ರೆ ಬೋರೂ ಕೆಡುತ್ತೆ, ಕಲ್ಲೂ ಕೆಡುತ್ತೆ. ಸಿಕ್ಕ ಸಿಕ್ಕ ಪಿಸ್ಟನ್ನೂ ನಡೆಯಲ್ಲ, ಆ ಬೋರಿಗೆ ಒಗ್ಗೋ ಕೋಟಿಂಗ್ ಸ್ಕರ್ಟ್ ಮೇಲೆ ಇರ್ಬೇಕು. ಉಳಿದ ದಾರಿ ಸ್ಲೀವ್ ಹಾಕೋದು ಅಥವಾ ಒಳ್ಳೇ ಬ್ಲಾಕ್ ಹುಡುಕೋದು. ಎರಡೂ ದುಬಾರಿ.

ಮೊದಲ ವರ್ಷಗಳ ಕಾರುಗಳಲ್ಲಿ ನಾಲ್ಕನೇ ಬೋರಲ್ಲಿ ಗೀರು ಬಿದ್ದು ಆಯಿಲ್ ಕುಡಿಯೋ ದೂರು ಇತ್ತು. ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮಿಸೋ ಜೆಟ್‌ನ ಬ್ಯಾಂಜೊ ಬೋಲ್ಟಿಗೆ ಆಗ ಎರಡೇ ತೂತು. ಆಮೇಲೆ ನಾಲ್ಕು ತೂತಿಂದು ಬಂತು. ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸೋ ಕೆಲಸ ಬಂದಾಗ ಹಳೇದಿದ್ರೆ ಅದನ್ನ ಬದಲಾಯಿಸಿಬಿಡಿ, ಬೋಲ್ಟ್ ದೊಡ್ಡ ರೇಟಲ್ಲ. ಪ್ಲಗ್ ತೂತಿಂದ ಬೋರೊಸ್ಕೋಪ್ (ಸಣ್ಣ ಕ್ಯಾಮೆರಾ) ಬಿಟ್ಟು ನಾಲ್ಕನೇದರ ಗೋಡೆ ನೋಡ್ಸಿ. ಉದ್ದುದ್ದ ಗೀಟು ಉಗುರಿಗೆ ಸಿಗೋ ಆಳ ಕಂಡ್ರೆ ಮುಂದಿನ ಕಾರು ನೋಡಿ.

ಹಾಸನ್_ವಿಟೆಕ್
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಆಯಿಲ್ ಎಷ್ಟು ಕುಡಿಯುತ್ತೆ, ಯಾವುದು ಹಾಕ್ಬೇಕು? ಸಿಟಿಗೆ ನಾನು ಸರ್ವೀಸಿಂದ ಸರ್ವೀಸಿಗೆ ಡಿಪ್‌ಸ್ಟಿಕ್ ಮುಟ್ಟೋದೇ ಇಲ್ಲ.

ಮೂಡಿಗೆರೆ_ಮೋಟಾರ್
ಅಲ್ಲೇ ತಪ್ಪೋದು ನೀವು. ಇದರಲ್ಲಿ ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಡಿಪ್‌ಸ್ಟಿಕ್ ಎಳೀಬೇಕು. ಸಮತಟ್ಟು ಜಾಗ, ಇಂಜಿನ್ ಆಫ್ ಮಾಡಿ ಎರಡು ಮೂರು ನಿಮಿಷ ಬಿಟ್ಟು. ಮೇಲಿನ ಕೆಳಗಿನ ಗುರುತಿನ ನಡುವೆ ಸುಮಾರು ಒಂದು ಲೀಟರ್. ಅರ್ಧಕ್ಕೆ ಇಳಿದ್ರೆ ತುಂಬಿಸಿ. ಕೆಳಗಿನ ಗುರುತಿಗೆ ಬರಲಿ ಅಂತ ಕಾಯಬೇಡಿ. ದಿನಾ ವಿಟೆಕ್ (ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ಹೆಚ್ಚು ತೆರೆಯೋ ಏರ್ಪಾಡು) ಬೀಳೋ ಹಾಗೆ ಓಡಿಸೋ ಕಾರು ಸ್ವಲ್ಪ ಆಯಿಲ್ ತಿನ್ನೋದು ಸಹಜ, ಬರೀ ಪೇಟೇಲಿ ಓಡೋದು ಏನೂ ತಿನ್ನದೇ ಇರಬಹುದು.

ಫಿಲ್ಟರ್ ಸಮೇತ ಹಿಡಿಯೋದು 4.8 ಲೀಟರ್. ಸಿಟಿಗೆ ಮೂರು ಚಿಲ್ಲರೆ ಅಷ್ಟೆ. ಡ್ರೇನ್ ಬೋಲ್ಟ್ ವಾಷರ್ ಪ್ರತಿ ಸಲ ಹೊಸದು, ಬಿಗಿ 39 ನ್ಯೂಟನ್ ಮೀಟರ್. ಸಂಪ್ ಅಲ್ಯೂಮಿನಿಯಂ, ಉದ್ದ ಹಿಡಿ ಹಾಕಿ ತಿರುವಿದ್ರೆ ಥ್ರೆಡ್ ಹೋಯ್ತು.

ಗ್ರೇಡ್ ಮ್ಯಾನುಯಲ್ ಪ್ರಕಾರ 10ಡಬ್ಲ್ಯು-30. ಬ್ರಿಟನ್ನಿನ ಚಳಿಗೆ 5ಡಬ್ಲ್ಯು-40 ಸಿಂಥೆಟಿಕ್ ನನ್ನ ಆಯ್ಕೆ.

ಘಾಟಿ_ಗೇರ್
40 ಯಾಕಣ್ಣ? ಮ್ಯಾನುಯಲ್ 30 ಅಂದ್ಮೇಲೆ 30. ಬೇರಿಂಗ್ ಗ್ಯಾಪ್ ಅದಕ್ಕೆ ತಕ್ಕ ಹಾಗೇ ಇಟ್ಟಿರೋದು. ದಪ್ಪ ಆಯಿಲ್ ತಣ್ಣಗಿದ್ದಾಗ ನಿಧಾನ ಮೇಲೇರುತ್ತೆ.

ಮೂಡಿಗೆರೆ_ಮೋಟಾರ್
ತಣ್ಣಗಿದ್ದಾಗ ಓಡೋದು ಮುಂದಿನ ನಂಬರ್ ನೋಡಿ, 5ಡಬ್ಲ್ಯು 10ಡಬ್ಲ್ಯುಗಿಂತ ಬೇಗ ಏರುತ್ತೆ. 40 ಅನ್ನೋದು ನೂರು ಡಿಗ್ರಿಯ ಲೆಕ್ಕ. ತೊಂಬತ್ತು ಸಾವಿರ ಮೈಲಿ ಓಡಿದ ಇಂಜಿನ್, ಬಿಸಿಯಲ್ಲಿ 8000ದ ಮೇಲೆ ಇರೋದು. ನನ್ನ ಮಾತು ಅಲ್ಲಿಗೇ. 30 ಹಾಕಿದ್ರೂ ತಪ್ಪಲ್ಲ, ಮಟ್ಟ ಸರಿ ಇರ್ಲಿ ಅಷ್ಟೆ. ಒಳ್ಳೇ ಆಯಿಲ್ ಅರ್ಧ ಇರೋದಕ್ಕಿಂತ ಮಾಮೂಲಿ ಆಯಿಲ್ ಪೂರ್ತಿ ಇರೋದು ವಾಸಿ.

ಮುಂದೊಂದು ದಿನ ವಿಟೆಕ್ ಬೀಳಲಿಲ್ಲ, ಚೆಕ್ ಇಂಜಿನ್ ಲೈಟ್ ಬಂತು, ಸ್ಕ್ಯಾನರ್ ಪಿ1259 ಅನ್ನೋ ವಿಟೆಕ್ ದೋಷದ ಕೋಡ್ ತೋರಿಸ್ತು ಅಂದ್ರೆ ಸೊಲೆನಾಯ್ಡ್ (ವಿಟೆಕ್‌ಗೆ ಆಯಿಲ್ ಬಿಡೋ ವಿದ್ಯುತ್ ವಾಲ್ವ್) ಆರ್ಡರ್ ಮಾಡೋಕೆ ಮುಂಚೆ ಡಿಪ್‌ಸ್ಟಿಕ್ ನೋಡಿ. ರಾಕರ್ ಒಳಗಿನ ಪಿನ್ ತಳ್ಳೋದೇ ಆಯಿಲ್ ಪ್ರೆಶರ್. ಮಟ್ಟ ಸರಿ ಇದ್ರೆ ಸೊಲೆನಾಯ್ಡ್ ಬುಡದ ಜಾಲರಿ ಗ್ಯಾಸ್ಕೆಟ್ ಬಿಚ್ಚಿ ನೋಡಿ, ಕಪ್ಪು ಮಡ್ಡಿ ಕಟ್ಟಿರುತ್ತೆ. ಆಮೇಲೆ ಪ್ರೆಶರ್ ಸ್ವಿಚ್, ವೈರಿಂಗ್. ಇದು ಸಿಟಿಗೂ ಹಾಗೇ ಅನ್ವಯ.

ಹೊಸಬ_ಕಡೂರು
ವಿಟೆಕ್ ಎಷ್ಟಕ್ಕೆ ಬೀಳುತ್ತೆ? ದಿನಾ ಅಲ್ಲಿಗೆ ತಗೊಂಡು ಹೋಗದಿದ್ರೆ ಇಂಜಿನ್ ಕೆಡುತ್ತೆ ಅಂತಾರಲ್ಲ?

ಘಾಟಿ_ಗೇರ್
6000ದ ಆಸುಪಾಸು. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಕ್ಯಾಮಲ್ಲಿ ಎತ್ತರದ ಲೋಬ್‌ಗೆ (ಉಬ್ಬಿಗೆ) ಬದಲಾಗುತ್ತೆ. ಸಿಟಿಲಿ ಇನ್‌ಟೇಕ್ ಮಾತ್ರ. ನೀರು ಬಿಸಿಯಾಗದೆ ಅದು ಬೀಳೋದೂ ಇಲ್ಲ, ಕಂಪ್ಯೂಟರ್ ಬಿಡಲ್ಲ. ಆದ್ರೆ ನೀರಿನ ಮೀಟರ್ ನಾರ್ಮಲ್ ಬಂತು ಅಂದ ಮಾತ್ರಕ್ಕೆ ಆಯಿಲ್ ಬಿಸಿಯಾಗಿದೆ ಅಂತಲ್ಲ. ಎಸ್2000ದ ಡಿಜಿಟಲ್ ಮೀಟರಲ್ಲಿ ಮೂರು ಕಡ್ಡಿ ಬಂದ್ಮೇಲೂ ಇನ್ನೊಂದು ಹತ್ತು ನಿಮಿಷ 4000ದ ಕೆಳಗೇ ಓಡಿಸ್ಬೇಕು. ನಿಂತಲ್ಲೇ ಐಡಲ್‌ನಲ್ಲಿ ಬಿಸಿ ಮಾಡೋದೂ ಬೇಡ, ಪೆಟ್ರೋಲ್ ಬೋರ್ ಗೋಡೆ ತೊಳೆಯುತ್ತೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷಕ್ಕೆ ಹೊರಡಿ, ಮೆಲ್ಲಗೆ.

ಕೆಡೋದೇನೂ ಇಲ್ಲ. ಬಿಸಿ ಆದ್ಮೇಲೆ ಆಗಾಗ ಮೇಲೆ ತಗೊಂಡು ಹೋದ್ರೆ ಇಂಗಾಲ ಕಟ್ಟೋದು ಕಮ್ಮಿ ಆಗುತ್ತೆ, ಪಿನ್‌ಗಳು ಅಂಟಿಕೊಳ್ಳಲ್ಲ ಅಷ್ಟೆ. ಒಂದು ಮಾತು, ನಮ್ಮೂರಿಗೆ ಸಂಬಂಧಪಟ್ಟಿದ್ದು: ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಮೇಲೆ. ಟರ್ಬೊ ಇಲ್ಲದ ಇಂಜಿನ್ ಇಲ್ಲಿ ಹತ್ತಿರ ಹತ್ತಿರ ಶೇ. 10 ಪವರ್ ಕಳ್ಕೊಂಡೇ ಓಡೋದು, ಮುಳ್ಳಯ್ಯನಗಿರಿ ಹತ್ತುವಾಗ ಇನ್ನೂ ಹೆಚ್ಚು. ಶಿರಾಡಿ ಇಳಿದು ಮಂಗಳೂರಿಗೆ ಹೋದಾಗ "ಸಿಟಿ ಚೆನ್ನಾಗಿ ಎಳೀತು, ಅಲ್ಲಿನ ಪೆಟ್ರೋಲ್ ಒಳ್ಳೇದು" ಅಂತ ಹೇಳೋರಿಗೆ ಇದೇ ಕಾರಣ. ಗಾಳಿ ದಟ್ಟ ಅಲ್ಲಿ.

ಹಾಸನ್_ವಿಟೆಕ್
ಹ್ಹ ಹ್ಹ, ಆ ಮಾತು ನಾನೂ ಹೇಳೋದೇ. ಇನ್ನೊಂದು: ಕಾರಿನ ವಿಡಿಯೊ ಕಳಿಸಿದ್ದ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂದ್ಗಡೆಯಿಂದ ಟರ್ ಟರ್ ಅಂತ ಸದ್ದು, ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ. ಟ್ಯಾಪೆಟ್ಟಾ?

ಟ್ಯಾಪೆಟ್_ತಿಮ್ಮ
ಸೈಕಲ್ ಚಕ್ರದ ಕಡ್ಡಿಗೆ ರಟ್ಟು ಸಿಕ್ಕಿಸಿದ ಹಾಗಿದ್ರೆ ಟೈಮಿಂಗ್ ಚೈನ್ ಟೆನ್ಷನರ್, ಅಂದ್ರೆ ಚೈನನ್ನ ಬಿಗಿ ಹಿಡಿಯೋ ಭಾಗ. ಎಫ್20ಸಿಯ ಮಾಮೂಲಿ ಕಾಯಿಲೆ. ಟ್ಯಾಪೆಟ್ ಸದ್ದು ಬಿಸಿಯಾದ್ಮೇಲೂ ಒಂದೇ ಲಯದಲ್ಲಿ ಟಿಕ್ ಟಿಕ್ ಅಂತಿರುತ್ತೆ, ಟೆನ್ಷನರ್ ಸದ್ದು ಬಂದು ಹೋಗಿ ಮಾಡುತ್ತೆ. ಉದ್ದ ಸ್ಕ್ರೂಡ್ರೈವರ್ ಹಿಡಿಯನ್ನ ಕಿವಿಗೆ, ತುದಿಯನ್ನ ಟೆನ್ಷನರ್ ಮೈಗೆ ಇಟ್ಟು ಕೇಳಿದ್ರೆ ಗೊತ್ತಾಗುತ್ತೆ. ಒಳಗೆ ಸ್ಪ್ರಿಂಗಿನಿಂದ ತಿರುಗೋ ಸ್ಕ್ರೂ ಇದೆ, ಅದು ಸವೆದು ಹಿಂದಕ್ಕೆ ಜಾರುತ್ತೆ, ಚೈನ್ ಕುಣಿಯುತ್ತೆ.

ಬಿಡಿಸೋಕೆ 6 ಮಿ.ಮೀ. ಬೋಲ್ಟ್ ಎರಡು. ಆದ್ರೆ ಕೈ ಹಾಕೋಕೆ ಮುಂಚೆ ಒಂದನೇ ಪಿಸ್ಟನ್ ಟಾಪಿಗೆ ತನ್ನಿ. ಹೊಸ ಟೆನ್ಷನರ್‌ನ ಸ್ಕ್ರೂ ಒಳಕ್ಕೆ ತಿರುಗಿಸಿ ತಡೆ ತಗಡಿಂದ ಲಾಕ್ ಮಾಡಿ, ಓ-ರಿಂಗಿಗೆ ಆಯಿಲ್ ಸವರಿ ಕೂರಿಸಿ. ಬೋಲ್ಟ್ 12 ನ್ಯೂಟನ್ ಮೀಟರ್. ಆಮೇಲೆ ತಡೆ ತೆಗೀಬೇಕು. ಟೆನ್ಷನರ್ ಹೊರಗಿರುವಾಗ ಕ್ರ್ಯಾಂಕ್ ತಿರುಗಿಸಿದ್ರೆ ಚೈನ್ ಹಲ್ಲು ಹಾರುತ್ತೆ. ಎಲ್ಲ ಆದ್ಮೇಲೆ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಕೂಡುತ್ತಾ ನೋಡಿ, ಆಮೇಲೆ ಸ್ಟಾರ್ಟ್.

ಕ್ರ್ಯಾಂಕ್ ತಿರುಗಿಸೋದು ಯಾವ ಕಡೆ ಅನ್ನೋದು ಸಿಟಿ ಮೇಲೆ ಕೈ ಪಳಗಿದೋರಿಗೆ ಗುಂಡಿ. ಪುಲ್ಲಿ ಕಡೆಯಿಂದ ನೋಡಿದ್ರೆ ಹಳೇ ಸಿಟಿ ಇಂಜಿನ್ ಎಡಕ್ಕೆ ತಿರುಗುತ್ತೆ, ಎಫ್20ಸಿ ಬಲಕ್ಕೆ, ಗಡಿಯಾರದ ಹಾಗೆ.

ಟ್ಯಾಪೆಟ್ ಗ್ಯಾಪ್, ಇಂಜಿನ್ 38 ಡಿಗ್ರಿಗಿಂತ ತಣ್ಣಗಿದ್ದಾಗ: ಎಫ್20ಸಿಗೆ ಇನ್‌ಟೇಕ್ 0.21ರಿಂದ 0.25 ಮಿ.ಮೀ., ಎಕ್ಸಾಸ್ಟ್ 0.25ರಿಂದ 0.29. ಸಿಟಿಗೆ 0.18ರಿಂದ 0.22, ಮತ್ತೆ 0.23ರಿಂದ 0.27. ಸ್ಕ್ರೂ ಲಾಕ್‌ನಟ್ ನಮೂನೆ, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡಿ. ಫೀಲರ್ ಗೇಜ್ ಹಿಡಿದು ಎಳೆಯುವಾಗ ತುಸು ಬಿಗಿ ಸಿಗಬೇಕು. ನಟ್ ಬಿಗಿ ಮಾಡಿದ್ಮೇಲೆ ಮತ್ತೆ ಅಳೀಬೇಕು, ಬಿಗಿ ಮಾಡುವಾಗ ಸ್ಕ್ರೂ ಸರಿಯುತ್ತೆ. ಸದ್ದು ಬರ್ತಿಲ್ಲ, ಹಂಗಾಗಿ ಸರಿ ಇದೆ ಅಂತ ಬಿಡೋರು ಜಾಸ್ತಿ. ಸದ್ದು ಮಾಡೋ ವಾಲ್ವ್ ಬದುಕುತ್ತೆ, ಸದ್ದಿಲ್ಲದ ಬಿಗಿ ಎಕ್ಸಾಸ್ಟ್ ವಾಲ್ವ್ ಸುಟ್ಟು ಹೋಗುತ್ತೆ, ಯಾಕಂದ್ರೆ ಸೀಟಿಗೆ ಪೂರ್ತಿ ಕೂತು ಶಾಖ ಬಿಡೋಕೆ ಅದಕ್ಕೆ ಟೈಮೇ ಸಿಗಲ್ಲ.

ಬೇಲೂರು_ಲೇತ್
ಪ್ಲಗ್ ಮರೆತ್ರಿ. ಎನ್‌ಜಿಕೆ ಪಿಎಫ್ಆರ್7ಜಿ-11ಎಸ್, ಪ್ಲಾಟಿನಂ, ಗ್ಯಾಪ್ 1.0ರಿಂದ 1.1. ಮುಟ್ಟಿ ಗ್ಯಾಪ್ ಸರಿ ಮಾಡೋಕೆ ಹೋಗಬೇಡಿ, ತುದಿಯ ಪ್ಲಾಟಿನಂ ಉದುರುತ್ತೆ. ಹಳೇ ಮ್ಯಾನುಯಲಲ್ಲಿ ಬಿಗಿ 18 ನ್ಯೂಟನ್ ಮೀಟರ್ ಅಂತಿತ್ತು, ಆಮೇಲೆ ಅದನ್ನ 25ಕ್ಕೆ ಏರಿಸಿದ್ರು. 18ಕ್ಕೆ ಬಿಟ್ಟ ಪ್ಲಗ್ ಆ ನಡುಕಕ್ಕೆ ಸಡಿಲವಾಗಿ, ಥ್ರೆಡ್ ತಿಂದು, ಕಾಯಿಲ್ ಸಮೇತ ಹಾರಿದ್ದುಂಟು. ಅಲ್ಲೂ ನಾಲ್ಕನೇದೇ ಮುಂದು. ಥ್ರೆಡ್ ಒಣಗಿರಲಿ, ಇಂಜಿನ್ ತಣ್ಣಗಿರಲಿ, ಮೊದಲು ಕೈಯಲ್ಲೇ ಕೊನೇವರೆಗೆ ತಿರುಗಿಸಿ, ಟಾರ್ಕ್ ವ್ರೆಂಚ್ ಆಮೇಲೆ.

ಮೂಡಿಗೆರೆ_ಮೋಟಾರ್
ಕೂಲೆಂಟ್ ಬದಲಾಯಿಸುವಾಗ ಹೀಟರ್ ಫುಲ್ ಬಿಸಿಗೆ ಇಟ್ಟು, ಏರ್ ಬ್ಲೀಡ್ ಬೋಲ್ಟ್ ಸಡಿಲಿಸಿ ಗುಳ್ಳೆ ನಿಲ್ಲೋವರೆಗೆ ತುಂಬಿಸ್ಬೇಕು. ಇಂಜಿನ್ ಮುಂದಿನ ಆಕ್ಸಲ್‌ಗಿಂತ ಹಿಂದೆ, ಕೆಳಗೆ ಕೂತಿರೋದ್ರಿಂದ ಗಾಳಿ ಸಿಕ್ಕಿಕೊಳ್ಳೋದು ಜಾಸ್ತಿ. ಗೇರ್ ಬಾಕ್ಸಿಗೆ 1.48 ಲೀಟರ್ ಹೋಂಡಾ ಎಂಟಿಎಫ್ (ಗೇರ್ ಬಾಕ್ಸ್ ಆಯಿಲ್), ಡಿಫರೆನ್ಶಿಯಲ್‌ಗೆ ಮುಕ್ಕಾಲು ಲೀಟರಿನಷ್ಟು 90 ನಂಬರ್ ಹೈಪಾಯ್ಡ್, ಜಿಎಲ್-5. ಎರಡನ್ನೂ ಅದಲು ಬದಲು ಮಾಡಿದ್ರೆ ಗೇರ್ ಬಾಕ್ಸ್ ಸಿಂಕ್ರೊ ಹಾಳು.

ಪೆಟ್ರೋಲ್ ಅಲ್ಲಿ 97ಕ್ಕೂ ಮೇಲಿನ ಆಕ್ಟೇನ್ ಸೂಪರ್ ಅಂತ ಸಿಗುತ್ತೆ, ಅದನ್ನೇ ಹಾಕ್ಸಿ. ನಾಕ್ ಸೆನ್ಸರ್ ಇದೆ ನಿಜ, ಆದ್ರೆ ಅದು ಟೈಮಿಂಗ್ ಹಿಂದಕ್ಕೆ ಎಳೆದು ಪವರ್ ಕಡಿತ ಮಾಡುತ್ತೆ. ಇಲ್ಲಿ ಸಿಟಿ ಇರೋರು ಇ20 (ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್) ಬಂದ್ಮೇಲೆ ಪೆಟ್ರೋಲ್ ಪೈಪ್ ಒಮ್ಮೆ ಮುಟ್ಟಿ ನೋಡಿ. ಇಪ್ಪತ್ತು ವರ್ಷದ ರಬ್ಬರ್ ಮೆತ್ತಗಾಗಿದ್ರೆ ಅಥವಾ ಬಗ್ಗಿಸಿದಾಗ ಬಿರುಕು ಕಂಡ್ರೆ ಇಂಜೆಕ್ಷನ್ ಪ್ರೆಶರ್ ತಡೆಯೋ ಎಥೆನಾಲ್ ದರ್ಜೆಯ ಪೈಪನ್ನೇ ಹಾಕಿ, ಮೀಟರ್ ಲೆಕ್ಕದಲ್ಲಿ ಕೊಡೋ ಮಾಮೂಲಿ ಪೈಪ್ ಬೇಡ.

ಘಾಟಿ_ಗೇರ್
ಏರ್ ಫಿಲ್ಟರ್ ಕೂಡ. ತೋಟದ ಮಣ್ಣು ರಸ್ತೆಲಿ ಓಡೋ ಸಿಟಿಗೆ ಐದು ಸಾವಿರ ಕಿಲೋಮೀಟರಿಗೇ ಬಿಚ್ಚಿ ನೋಡ್ಬೇಕು. ಆಯಿಲ್ ಹಚ್ಚೋ ಹತ್ತಿ ಫಿಲ್ಟರ್ ಈ ಕೆಂಪು ಧೂಳಿಗೆ ಒಗ್ಗಲ್ಲ, ಕಂಪನಿ ಪೇಪರ್ ಫಿಲ್ಟರ್ ವಾಸಿ. ರ‍್ಯಾಲಿ ಕಾರಿನವರ ಮಾತು ಬೇರೆ, ಅವರು ದಿನದ ಕೊನೆಗೆ ಹೇಗೂ ಬಿಚ್ತಾರೆ.

ಹಾಸನ್_ವಿಟೆಕ್
ಹಾಗಾದ್ರೆ ಅವನಿಗೆ ಕಳಿಸೋ ಪಟ್ಟಿ: ವಾಲ್ವ್ ಕವರ್ ಬಿಚ್ಚಿ ರಿಟೇನರ್, ಲೀಕ್‌ಡೌನ್, ನಾಲ್ಕನೇ ಬೋರಿಗೆ ಕ್ಯಾಮೆರಾ, ಟೆನ್ಷನರ್. ಬೇರೆ?

ಮೂಡಿಗೆರೆ_ಮೋಟಾರ್
ಮಾರೋನು ಇಂಜಿನ್ ಬಿಸಿ ಮಾಡಿ ಇಟ್ಟಿರಬಾರದು. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡೋಕೆ ಹೇಳಿ, ಬೆಚ್ಚಗಿದ್ರೆ ಇನ್ನೊಂದು ದಿನ ಬೆಳಿಗ್ಗೆ ಬರ್ತೀನಿ ಅಂತ ವಾಪಸ್ ಬರ್ಲಿ. ಸ್ಟಾರ್ಟ್ ಮಾಡೋಕೆ ಮುಂಚೆಯೇ ಡಿಪ್‌ಸ್ಟಿಕ್ ಎಳೀಲಿ. ಅಲ್ಲಿ ಎಂಓಟಿ (ವರ್ಷಕ್ಕೊಮ್ಮೆ ಮಾಡಿಸೋ ಕಾರು ತಪಾಸಣೆ) ಇತಿಹಾಸ ಕಾರ್ ನಂಬರ್ ಹಾಕಿದ್ರೆ ಆನ್‌ಲೈನಲ್ಲೇ ಪುಕ್ಕಟೆ ಸಿಗುತ್ತೆ, ಪ್ರತಿ ವರ್ಷದ ಮೈಲಿ ಅದರಲ್ಲಿ ಇರುತ್ತೆ, ಮೀಟರ್ ಹಿಂದಕ್ಕೆ ತಿರುಗಿಸಿದ್ರೆ ಗೊತ್ತಾಗಿಬಿಡುತ್ತೆ. ರಸ್ತೆಗೆ ಉಪ್ಪು ಹಾಕೋ ದೇಶ, ಅಡಿ ಭಾಗದ ತುಕ್ಕು ಬೇರೆ ನೋಡ್ಬೇಕು, ಆದ್ರೆ ಅದು ಇಂಜಿನ್ ಮಾತಲ್ಲ.

ಟ್ಯಾಪೆಟ್_ತಿಮ್ಮ
ಟೆಸ್ಟ್ ಡ್ರೈವಲ್ಲಿ ಬಿಸಿಯಾದ್ಮೇಲೆ ಥರ್ಡ್ ಗೇರಲ್ಲಿ 8500ವರೆಗೆ ಎಳೆದು ಕಾಲು ಪೂರ್ತಿ ಬಿಡ್ಲಿ, ಹಿಂದಿನ ಕನ್ನಡೀಲಿ ನೀಲಿ ಹೊಗೆ ಬರುತ್ತಾ ನೋಡ್ಲಿ. ಎಳೆಯುವಾಗ ಬಂದ್ರೆ ರಿಂಗ್, ಬಿಟ್ಟಾಗ ಬಂದ್ರೆ ವಾಲ್ವ್ ಸೀಲ್. ಮತ್ತೆ ಫೋರ್ತ್‌ಗೆ ಹಾಕುವಾಗ ಅಂಗೈ ಸಡಿಲ ಇರ್ಲಿ ಅಂತ ಹೇಳಿ, ಇನ್ನೂ ದುಡ್ಡು ಕೊಟ್ಟಿರಲ್ಲ.